ಅಮೆರಿಕದ ಕಾಲೇಜು ಬೇಸ್‌ಬಾಲ್‌ನಲ್ಲಿ ಕೋಚ್ ಆಗಬೇಕೆ? ಮೊದಲ ಕೆಲಸದಿಂದ ಕೊನೆಯ ಸಹಿವರೆಗೆ

ನಮ್ಮಲ್ಲಿ ಸರ್ಕಾರಿ ಕೋಚ್ ಆಗುವ ದಾರಿ ಎಲ್ಲರಿಗೂ ಗೊತ್ತು. ಪಟಿಯಾಲದ ಎನ್‌ಐಎಸ್ ಡಿಪ್ಲೊಮಾ ಮಾಡಬೇಕು, ಹುದ್ದೆ ಕರೆದಾಗ ಅರ್ಜಿ ಹಾಕಬೇಕು, ಕಾಯಬೇಕು. ಅಮೆರಿಕದ ಕಾಲೇಜು ಬೇಸ್‌ಬಾಲ್‌ನಲ್ಲಿ ಹಾಗೆ ಒಂದು ಗೇಟು ಇಲ್ಲ. ಕೋಚ್ ಆಗಲು ಇಂಥದ್ದೇ ಡಿಗ್ರಿ ಬೇಕು, ಇಂಥ ಲೈಸೆನ್ಸ್ ಬೇಕು ಅಂತಿಲ್ಲ. ಸೀನಿಯಾರಿಟಿ ಪಟ್ಟಿಯಂತೂ ಇಲ್ಲವೇ ಇಲ್ಲ. ಒಬ್ಬ ಹೆಡ್ ಕೋಚ್ ನಿಮ್ಮನ್ನು ನಂಬಿ ಕರೆದರೆ ಕೆಲಸ ಸಿಗುತ್ತದೆ. ಆ ಹೆಡ್ ಕೋಚ್ ಹೊರಗೆ ಹೋದರೆ ಹೆಚ್ಚಿನ ಸಲ ನಿಮ್ಮ ಕೆಲಸವೂ ಹೋಗುತ್ತದೆ.

ಅಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಲಿಟಲ್ ಲೀಗ್‌ನಿಂದ ಹೈಸ್ಕೂಲ್ ತಂಡದವರೆಗೆ ಆಡಿದ ಮಕ್ಕಳು ಈಗ ಇದ್ದಾರೆ. ಇಲ್ಲಿಂದ ಕ್ರೀಡಾ ವಿಜ್ಞಾನ, ಡೇಟಾ ಅನಲಿಟಿಕ್ಸ್ ಅಂತ ಓದಲು ಹೋದವರೂ ಇದ್ದಾರೆ. ಇವರಲ್ಲಿ ಕೆಲವರಿಗಾದರೂ ಮೈದಾನದಲ್ಲೇ ಉಳಿಯುವ ಆಸೆ ಇರುತ್ತದೆ. ಅಂಥವರಿಗಾಗಿ ಇದು. ಆಟದ ನಿಯಮ ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ.

ಹಂತ 1: ಯಾವ ಮಟ್ಟದಲ್ಲಿ ಬದುಕಬೇಕು ಅಂತ ಮೊದಲೇ ಯೋಚಿಸಿ

ಟಿವಿಯಲ್ಲಿ ಕಾಣುವುದು ಎನ್‌ಸಿಎಎ, ಅಂದರೆ ಕಾಲೇಜು ಕ್ರೀಡೆ ನಡೆಸುವ ದೊಡ್ಡ ಸಂಸ್ಥೆಯ ಡಿವಿಷನ್ 1. ಅದರಲ್ಲಿ ಬೇಸ್‌ಬಾಲ್ ಆಡಿಸುವ ಕಾಲೇಜುಗಳು ಸುಮಾರು 300. ಇವುಗಳಲ್ಲಿ 64 ತಂಡಗಳು ಮೇ ಕೊನೆಯಲ್ಲಿ ರಾಷ್ಟ್ರೀಯ ಟೂರ್ನಿಗೆ ಹೋಗುತ್ತವೆ. ಅಲ್ಲಿಂದ 8 ತಂಡಗಳು ನೆಬ್ರಾಸ್ಕಾದ ಒಮಾಹಾ ಮುಟ್ಟುತ್ತವೆ. ಕಾಲೇಜ್ ವರ್ಲ್ಡ್ ಸೀರೀಸ್ 1950ರಿಂದ ಅಲ್ಲೇ ನಡೆಯುತ್ತಿದೆ. ಕೋಚ್‌ಗಳ ಬಾಯಲ್ಲಿ ‘ಒಮಾಹಾ’ ಅಂದರೆ ಊರಿನ ಹೆಸರು ಅಲ್ಲವೇ ಅಲ್ಲ, ಅದೇ ಗುರಿ.

ಇದರ ಕೆಳಗೆ ಡಿವಿಷನ್ 2, ಡಿವಿಷನ್ 3, ಹೆಚ್ಚಾಗಿ ಸಣ್ಣ ಕಾಲೇಜುಗಳಿರುವ ಇನ್ನೊಂದು ಸಂಸ್ಥೆ ಎನ್‌ಎಐಎ, ಜೂನಿಯರ್ ಕಾಲೇಜುಗಳ ಎನ್‌ಜೆಸಿಎಎ ಇವೆ. ಎಲ್ಲ ಸೇರಿಸಿದರೆ ಕೆಲಸಗಳು ಜಾಸ್ತಿ ಇರುವುದು ಇಲ್ಲೇ. ಡಿವಿಷನ್ 3ರಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವ ಹಾಗಿಲ್ಲ. ಹಾಗಾಗಿ ಅಲ್ಲಿನ ಕೋಚ್ ಹುಡುಗನ ಅಪ್ಪ ಅಮ್ಮನಿಗೆ ಕಾಲೇಜನ್ನೇ ಮಾರಬೇಕು. ಓದು ಚೆನ್ನಾಗಿದೆ, ಪ್ರೊಫೆಸರ್‌ಗಳು ಒಳ್ಳೆಯವರು, ಶುಲ್ಕದಲ್ಲಿ ಇಷ್ಟು ರಿಯಾಯಿತಿ ಸಿಗಬಹುದು ಅಂತೆಲ್ಲ ಹೇಳಬೇಕು. ಜೂನಿಯರ್ ಕಾಲೇಜಿನಲ್ಲಿ ಆಟಗಾರ ಇರುವುದೇ ಎರಡು ವರ್ಷ. ಅಂದರೆ ಪ್ರತಿ ವರ್ಷ ಅರ್ಧ ತಂಡವನ್ನು ಹೊಸದಾಗಿ ಕಟ್ಟಬೇಕು. ಕಷ್ಟ ನಿಜ. ಆದರೆ ಕೆಲಸ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಅರ್ಕನ್ಸಾ ವಿಶ್ವವಿದ್ಯಾಲಯದ ಹೆಡ್ ಕೋಚ್ ಡೇವ್ ವ್ಯಾನ್ ಹಾರ್ನ್ ಅವರ ದಾರಿ ನೋಡಿ. ಟೆಕ್ಸಾರ್ಕಾನಾ ಎಂಬ ಜೂನಿಯರ್ ಕಾಲೇಜಿನಲ್ಲಿ ಕೋಚ್ ಆಗಿದ್ದರು. ಆಮೇಲೆ ಸೆಂಟ್ರಲ್ ಮಿಸೌರಿಗೆ ಹೋಗಿ 1994ರಲ್ಲಿ ಡಿವಿಷನ್ 2 ಪ್ರಶಸ್ತಿ ಗೆದ್ದರು. ನಂತರ ಲೂಸಿಯಾನಾದ ನಾರ್ತ್‌ವೆಸ್ಟರ್ನ್ ಸ್ಟೇಟ್, ಆಮೇಲೆ ನೆಬ್ರಾಸ್ಕಾ, ಕೊನೆಗೆ ತಾವೇ ಹಿಂದೆ ಆಡಿದ್ದ ಅರ್ಕನ್ಸಾ. ಒಂದೊಂದು ಮಟ್ಟದಲ್ಲೂ ಹೆಡ್ ಕೋಚ್ ಆಗಿಯೇ ಮೇಲೆ ಬಂದವರು. ವ್ಯಾಂಡರ್‌ಬಿಲ್ಟ್‌ನ ಟಿಮ್ ಕಾರ್ಬಿನ್ ಬೇರೆ ರೀತಿ. ಪ್ರೆಸ್ಬಿಟೇರಿಯನ್ ಎಂಬ ಸಣ್ಣ ಕಾಲೇಜಿನಲ್ಲಿ ಹೆಡ್ ಕೋಚ್ ಆಗಿದ್ದವರು, ಆ ಪಟ್ಟ ಬಿಟ್ಟು ಕ್ಲೆಮ್ಸನ್‌ಗೆ ಸಹಾಯಕರಾಗಿ ಹೋದರು. ಅಲ್ಲಿ 9 ವರ್ಷ ಇದ್ದರು. 2003ರ ಸೀಸನ್‌ಗೆ ವ್ಯಾಂಡರ್‌ಬಿಲ್ಟ್ ಸಿಕ್ಕಿತು. 2014 ಮತ್ತು 2019ರಲ್ಲಿ ಚಾಂಪಿಯನ್. ಸಣ್ಣ ಕೆರೆಯಲ್ಲಿ ದೊಡ್ಡ ಮೀನಾಗಬೇಕೋ, ದೊಡ್ಡ ಕಡೆ ಎರಡನೆಯವರಾಗಿ ಇರಬೇಕೋ? ಎರಡೂ ನಡೆಯುತ್ತದೆ. ಆದರೆ ಹೆಚ್ಚಿನವರು ಮೊದಲು ಸೇರಿದ ಮಟ್ಟದ ಆಸುಪಾಸಿನಲ್ಲೇ ಉಳಿದುಬಿಡುತ್ತಾರೆ ಅನ್ನುವುದು ತಲೆಯಲ್ಲಿರಲಿ. ಅಲ್ಲೇ ನಿವೃತ್ತಿ ಆದರೂ ಪರವಾಗಿಲ್ಲ ಅನ್ನಿಸುವ ಮಟ್ಟ ಆರಿಸಿಕೊಳ್ಳಿ.

ಹಂತ 2: ಕೈಕೆಲಸ ಕಲಿಯಿರಿ

ದೊಡ್ಡ ಮಟ್ಟದಲ್ಲಿ ಆಡಿರಲೇಬೇಕು ಅಂತಿಲ್ಲ. ಆದರೆ ಮೊದಲ ದಿನವೇ ಉಪಯೋಗಕ್ಕೆ ಬರುವ ಕೈ ಬೇಕು.

ಒಂದು, ಫಂಗೋ. ಇದು ಸಾಮಾನ್ಯ ಬ್ಯಾಟಿಗಿಂತ ಹಗುರ, ತೆಳು. ಅಭ್ಯಾಸದಲ್ಲಿ ಫೀಲ್ಡರ್‌ಗಳಿಗೆ ಚೆಂಡು ಹೊಡೆಯಲೆಂದೇ ಮಾಡಿದ್ದು. ಎಡಗೈಯಲ್ಲಿ ಚೆಂಡು ಮೇಲಕ್ಕೆ ಚಿಮ್ಮಿಸಬೇಕು, ಅದು ಇಳಿಯುವಷ್ಟರಲ್ಲಿ ಹೊಡೆಯಬೇಕು. ಶಾರ್ಟ್‌ಸ್ಟಾಪ್‌ನ ಬಲಕ್ಕೆ ಎರಡು ಹೆಜ್ಜೆ, ಎರಡನೇ ಪುಟಕ್ಕೆ ಅವನ ಗ್ಲೌವ್‌ಗೆ. ಹೀಗೆ ಬೇಕೆಂದ ಕಡೆಗೆ, ನಿಲ್ಲಿಸದೆ, ಅರ್ಧ ಗಂಟೆ. ಎಲ್ಲಕ್ಕಿಂತ ಕಷ್ಟದ್ದು ಅಭ್ಯಾಸದ ಕೊನೆಯಲ್ಲಿ ಕ್ಯಾಚರ್‌ಗೆ ನೆಟ್ಟಗೆ ಮೇಲಕ್ಕೆ ಹೊಡೆಯುವ ಪಾಪ್-ಅಪ್. ಅದನ್ನು ಒಂದೇ ಏಟಿಗೆ ಹೊಡೆಯುವ ಸಹಾಯಕನನ್ನು ಆಟಗಾರರು ತಕ್ಷಣ ಗೌರವಿಸುತ್ತಾರೆ. ಮೂರು ಸಲ ತಪ್ಪಿದರೆ ಇಡೀ ತಂಡ ನಗುತ್ತದೆ.

ಎರಡು, ಬ್ಯಾಟಿಂಗ್ ಪ್ರಾಕ್ಟೀಸಿಗೆ ಎಸೆಯುವುದು. ಎಲ್ ಆಕಾರದ ಪರದೆಯ ಹಿಂದೆ ನಿಂತು ದಿನಕ್ಕೆ ನೂರಾರು ಚೆಂಡು, ಒಂದೇ ವೇಗ, ಒಂದೇ ಜಾಗ. ಭಾರತ ಕ್ರಿಕೆಟ್ ತಂಡಕ್ಕೆ ಥ್ರೋಡೌನ್ ಹಾಕುವ ನಮ್ಮ ಕುಮಟಾದ ರಾಘವೇಂದ್ರ ಅವರನ್ನು ಬಲ್ಲವರಿಗೆ ಈ ಕೆಲಸದ ಬೆಲೆ ಬಿಡಿಸಿ ಹೇಳಬೇಕಿಲ್ಲ. ಭುಜ ನೋಡಿಕೊಳ್ಳಿ. ದಿನವೂ ಇಷ್ಟು ಎಸೆದರೆ ಅದು ಕೆಡಬಹುದು.

ಮೂರು, ಮೈದಾನ. ಸಣ್ಣ ಕಾಲೇಜಿನಲ್ಲಿ ಮೈದಾನ ನೋಡಿಕೊಳ್ಳಲು ಬೇರೆ ಜನ ಇರುವುದಿಲ್ಲ. ಮಳೆ ಮೋಡ ಕಂಡರೆ ಮೌಂಡ್ ಮೇಲೆ ಟಾರ್ಪಾಲು ಹೊದಿಸುವುದು, ಮಣ್ಣು ಕೆದರಿ ಸಮ ಮಾಡುವುದು, ಸುಣ್ಣದ ಗೆರೆ ಎಳೆಯುವುದು ಎಲ್ಲ ಸಹಾಯಕ ಕೋಚ್ ಪಾಲಿಗೆ. ವ್ಯಾನ್ ಓಡಿಸುವುದು, ಊಟದ ಆರ್ಡರ್, ಯೂನಿಫಾರ್ಮ್ ಒಗೆಯುವುದು ಕೂಡ. ಇದಕ್ಕೆ ಮುಖ ಸಿಂಡರಿಸುವವರು ಈ ಲೇಖನ ಇಲ್ಲಿಗೇ ನಿಲ್ಲಿಸಬಹುದು.

ಹಂತ 3: ಮೊದಲ ಕೆಲಸ, ಮತ್ತು ಬಾಡಿಗೆ ಯಾರು ಕಟ್ಟುತ್ತಾರೆ ಎಂಬ ಪ್ರಶ್ನೆ

ಸಾಮಾನ್ಯವಾಗಿ ಒಳಗೆ ಹೋಗಲು ಮೂರು ಬಾಗಿಲುಗಳಿವೆ.

ಇನ್ನೂ ಡಿಗ್ರಿ ಓದುತ್ತಿದ್ದರೆ ಸ್ಟೂಡೆಂಟ್ ಮ್ಯಾನೇಜರ್ ಆಗಿ. ಚೆಂಡಿನ ಬಕೆಟ್ ಹೊರುವುದರಿಂದ ಶುರು. ಕ್ಯಾಮೆರಾ, ರಾಡಾರ್ ನಡೆಸಲು ಬಂದರೆ ಇನ್ನೂ ಒಳ್ಳೆಯದು. ತಂಡಕ್ಕೆ ಆಯ್ಕೆಯಾಗದ ಹುಡುಗರು ಸುಮ್ನೆ ಮನೆಗೆ ಹೋಗದೆ ಕೋಚ್ ಹತ್ತಿರ ಹೋಗಿ ಈ ಕೆಲಸ ಕೇಳಬೇಕು. ಹೆಚ್ಚಿನ ಕೋಚ್‌ಗಳು ಬೇಡ ಅನ್ನುವುದಿಲ್ಲ.

ಡಿಗ್ರಿ ಮುಗಿದಿದ್ದರೆ ಗ್ರಾಜುಯೇಟ್ ಅಸಿಸ್ಟೆಂಟ್. ಜಿಎ ಅಂತಲೇ ಕರೆಯುತ್ತಾರೆ. ಡಿವಿಷನ್ 2, ಡಿವಿಷನ್ 3, ಎನ್‌ಎಐಎ ಕಾಲೇಜುಗಳಲ್ಲಿ ಇದು ಜಾಸ್ತಿ. ಕಾಲೇಜು ಮಾಸ್ಟರ್ಸ್ ಶುಲ್ಕವನ್ನು ಪೂರ್ತಿ ಅಥವಾ ಭಾಗಶಃ ಬಿಡುತ್ತದೆ, ಸಣ್ಣದೊಂದು ಸ್ಟೈಪೆಂಡ್ ಕೊಡುತ್ತದೆ. ಕೆಲವು ಕಡೆ ಹಾಸ್ಟೆಲಿನಲ್ಲಿ ಕೋಣೆ, ಮೆಸ್ ಊಟ ಕೂಡ ಸೇರಿರುತ್ತದೆ. ಎರಡು ವರ್ಷ ಆದ ಮೇಲೆ ಕೈಯಲ್ಲಿ ಡಿಗ್ರಿ ಮತ್ತು ಅನುಭವ ಎರಡೂ ಇರುತ್ತವೆ. ನನ್ನನ್ನು ಕೇಳಿದರೆ ಇದೇ ಮೊದಲ ಆಯ್ಕೆ. ಒಪ್ಪುವ ಮೊದಲು ಕೇಳಬೇಕಾದ್ದು ಇಷ್ಟು: ಶುಲ್ಕ ಮನ್ನಾ ಎಷ್ಟು ಕ್ರೆಡಿಟ್‌ಗೆ? ಬೇಸಿಗೆಗೂ ಇದೆಯೇ? ಆರೋಗ್ಯ ವಿಮೆ ಯಾರದ್ದು? ನಾನು ಒಂದು ವಿಭಾಗ ನೋಡಿಕೊಳ್ಳುತ್ತೇನೋ, ಬರೀ ಓಡಾಟದ ಕೆಲಸವೋ? ಕೊನೆಯ ಪ್ರಶ್ನೆಯೇ ಮುಖ್ಯ. ‘ನೀನು ಕ್ಯಾಚರ್‌ಗಳನ್ನು ನೋಡಿಕೋ’ ಅಂತ ಬಿಟ್ಟುಕೊಡುವ ಸಣ್ಣ ಕಾಲೇಜು, ವ್ಯಾನ್ ಕೀಲಿ ಮಾತ್ರ ಕೊಡುವ ದೊಡ್ಡ ಕಾಲೇಜಿಗಿಂತ ಮೇಲು.

ಮೂರನೆಯದು ಜೂನಿಯರ್ ಕಾಲೇಜು ಅಥವಾ ಹೈಸ್ಕೂಲ್. ಹೈಸ್ಕೂಲ್ ಅಂತ ಹಗುರವಾಗಿ ನೋಡಬೇಡಿ. ಎಲ್‌ಎಸ್‌ಯುಗೆ (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) 5 ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಸ್ಕಿಪ್ ಬರ್ಟ್‌ಮನ್ ಶುರು ಮಾಡಿದ್ದು ಮಯಾಮಿ ಬೀಚ್ ಹೈಸ್ಕೂಲಿನಲ್ಲಿ. ಅಲ್ಲಿಂದ ಮಯಾಮಿ ವಿಶ್ವವಿದ್ಯಾಲಯದಲ್ಲಿ ರಾನ್ ಫ್ರೇಸರ್ ಕೈಕೆಳಗೆ ಸಹಾಯಕ, ನಂತರ 1984ರಲ್ಲಿ ಎಲ್‌ಎಸ್‌ಯು.

ಇಲ್ಲಿ ‘ವಾಲಂಟಿಯರ್ ಅಸಿಸ್ಟೆಂಟ್’ ಎಂಬ ಹಳೆಯ ಕಥೆ ಗೊತ್ತಿರಬೇಕು. ಡಿವಿಷನ್ 1ರಲ್ಲಿ ಬಹಳ ಕಾಲ ಒಂದು ನಿಯಮ ಇತ್ತು. ಹೆಡ್ ಕೋಚ್ ಜೊತೆ ಸಂಬಳದ ಸಹಾಯಕರು ಇಬ್ಬರೇ, ಮೂರನೆಯವರು ಸಂಬಳ ಇಲ್ಲದ ವಾಲಂಟಿಯರ್. ಕೆಲಸ ಮಾತ್ರ ಪೂರ್ತಿ. ಬೇಸಿಗೆಯಲ್ಲಿ ಮಕ್ಕಳ ಕ್ಯಾಂಪ್ ನಡೆಸಿ, ಖಾಸಗಿ ಪಾಠ ಹೇಳಿ ಹೊಟ್ಟೆ ಹೊರೆದುಕೊಳ್ಳುತ್ತಿದ್ದರು. ಇಂದು ಹೆಸರು ಮಾಡಿದ ಎಷ್ಟೋ ಕೋಚ್‌ಗಳು ಈ ದಾರಿಯಲ್ಲೇ ಬಂದವರು. 2023ರ ಜುಲೈ 1ರಿಂದ ಆ ಹೆಸರೇ ಹೋಯಿತು. ಮೂರನೆಯವರಿಗೂ ಸಂಬಳ ಕೊಡಬಹುದು ಅಂತ ಆಯಿತು. ಹಿಂದಿನ ವರ್ಷಗಳ ಬಾಕಿಗಾಗಿ ಹೂಡಿದ್ದ ಮೊಕದ್ದಮೆಯಲ್ಲಿ ಎನ್‌ಸಿಎಎ ಸುಮಾರು 4.9 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಆಯಿತು. ಆದ್ದರಿಂದ ಈಗ ಯಾರಾದರೂ ‘ಮೊದಲ ವರ್ಷ ಫ್ರೀ ಆಗಿ ಮಾಡು, ಆಮೇಲೆ ನೋಡೋಣ’ ಅಂದರೆ ಎರಡು ಸಲ ಯೋಚಿಸಿ. ಸಂಬಳ ಕೊಡಬಹುದು ಅಂದರೆ ಕೊಟ್ಟೇ ಕೊಡುತ್ತಾರೆ ಅಂತಲ್ಲ. ಬಜೆಟ್ ಇಲ್ಲದ ಕಾಲೇಜುಗಳಲ್ಲಿ ಆ ಮೊತ್ತ ಬಾಡಿಗೆಗೂ ಸಾಲದಷ್ಟು ಇರುತ್ತದೆ.

ಹಂತ 4: ಬೇಸಿಗೆಯನ್ನು ಬಿಡಬೇಡಿ

ಕಾಲೇಜು ಸೀಸನ್ ಫೆಬ್ರವರಿ ನಡುವೆ ಶುರುವಾಗಿ ಹೆಚ್ಚಿನ ತಂಡಗಳಿಗೆ ಮೇ ತಿಂಗಳಲ್ಲೇ ಮುಗಿಯುತ್ತದೆ. ಆಮೇಲೆ ಆಟಗಾರರು ಬೇಸಿಗೆ ಲೀಗ್‌ಗಳಿಗೆ ಹೋಗುತ್ತಾರೆ. ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ಲೀಗ್ ಎಲ್ಲಕ್ಕಿಂತ ಹೆಸರಾದದ್ದು. ವಿಸ್ಕಾನ್ಸಿನ್, ಮಿನ್ನೆಸೋಟ ಕಡೆಯ ನಾರ್ತ್‌ವುಡ್ಸ್ ಲೀಗ್ ಇನ್ನೊಂದು. ಈ ತಂಡಗಳಿಗೆ ಎರಡು ಎರಡೂವರೆ ತಿಂಗಳಿಗೆ ಯುವ ಕೋಚ್‌ಗಳು ಬೇಕು. ದುಡ್ಡು ಅಷ್ಟಕ್ಕಷ್ಟೇ. ಊರಿನ ಯಾವುದೋ ಮನೆಯಲ್ಲಿ ಉಳಿದುಕೊಳ್ಳಲು ವ್ಯವಸ್ಥೆ ಮಾಡುತ್ತಾರೆ. ಆದರೆ ಇಪ್ಪತ್ತು ಬೇರೆ ಬೇರೆ ಕಾಲೇಜುಗಳ ಹುಡುಗರು ಒಂದೇ ತಂಡದಲ್ಲಿರುತ್ತಾರೆ. ಅವರು ಸೆಪ್ಟೆಂಬರ್‌ನಲ್ಲಿ ವಾಪಸ್ ಹೋಗಿ ತಮ್ಮ ಕೋಚ್‌ಗೆ ನಿಮ್ಮ ಬಗ್ಗೆ ಹೇಳುತ್ತಾರೆ. ಆ ಒಂದು ಮಾತಿಗೆ ನಿಮ್ಮ ಬಯೋಡೇಟಾಕ್ಕಿಂತ ಬೆಲೆ ಜಾಸ್ತಿ.

ಹಂತ 5: ಆಟಗಾರರನ್ನು ಹುಡುಕಲು ಕಲಿಯಿರಿ. ನಿಜವಾದ ಕೆಲಸ ಇದೇ

ಮೈದಾನದಲ್ಲಿ ಕಲಿಸುವುದು ಈ ವೃತ್ತಿಯ ಅರ್ಧ ಭಾಗ ಕೂಡ ಅಲ್ಲ. ಉಳಿದದ್ದು ಫೋನು, ಕಾರು, ವಿಮಾನ ನಿಲ್ದಾಣ. ರೆಕ್ರೂಟಿಂಗ್ ಕೋಆರ್ಡಿನೇಟರ್ ಆಗಿ ಹೆಸರು ಮಾಡಿದ ಸಹಾಯಕನಿಗೆ ಹೆಡ್ ಕೋಚ್ ಕೆಲಸ ಬರುವುದು ಹೆಚ್ಚು. ಟೋನಿ ವಿಟೆಲ್ಲೊ ಇದಕ್ಕೆ ಒಳ್ಳೆಯ ಉದಾಹರಣೆ. ಮಿಸೌರಿ, ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ಯೂನಿವರ್ಸಿಟಿ), ಅರ್ಕನ್ಸಾ ಮೂರೂ ಕಡೆ ಸಹಾಯಕರಾಗಿ ಆಟಗಾರರನ್ನು ಕರೆತರುವುದರಲ್ಲಿ ಹೆಸರು ಮಾಡಿದರು. 2017ರಲ್ಲಿ ಟೆನೆಸಿ ಅವರನ್ನು ಹೆಡ್ ಕೋಚ್ ಮಾಡಿತು. 2024ರಲ್ಲಿ ಆ ಕಾಲೇಜಿಗೆ ಬೇಸ್‌ಬಾಲ್‌ನಲ್ಲಿ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂತು.

ನಿಯಮಗಳನ್ನು ಮೊದಲು ಓದಿಕೊಳ್ಳಿ. ಕ್ಯಾಂಪಸ್ ಹೊರಗೆ ಹೋಗಿ ಆಟಗಾರರನ್ನು ನೋಡುವ ಕೋಚ್ ಪ್ರತಿ ವರ್ಷ ನಿಯಮಗಳ ಮೇಲೆ ಒಂದು ಸಣ್ಣ ಪರೀಕ್ಷೆ ಪಾಸಾಗಬೇಕು. ಡಿವಿಷನ್ 1ರಲ್ಲಿ ಹುಡುಗ 11ನೇ ತರಗತಿ ಶುರು ಮಾಡುವ ಮುಂಚಿನ ಆಗಸ್ಟ್ 1ರವರೆಗೆ ಅವನಿಗೆ ಫೋನ್ ಮಾಡುವ ಹಾಗಿಲ್ಲ, ಮೆಸೇಜ್ ಕಳಿಸುವ ಹಾಗಿಲ್ಲ. ವರ್ಷದಲ್ಲಿ ಕೆಲವು ವಾರ ಯಾರನ್ನೂ ಮುಖತಃ ಭೇಟಿ ಮಾಡುವಂತಿಲ್ಲ. ಆಗಸ್ಟ್ 1ರ ಮಧ್ಯರಾತ್ರಿ 12 ಗಂಟೆ ದಾಟಿದ ಕೂಡಲೇ ಕೋಚ್‌ಗಳು ಮೆಸೇಜ್ ಕಳಿಸಲು ಶುರು ಮಾಡುವುದು ಈಗ ಒಂದು ಪದ್ಧತಿಯೇ ಆಗಿದೆ.

ಇನ್ನು ನೋಡುವ ಕಣ್ಣು. ಜಾರ್ಜಿಯಾದ ಲೇಕ್‌ಪಾಯಿಂಟ್, ಫ್ಲಾರಿಡಾದ ಜುಪಿಟರ್ ಇಂಥ ಕಡೆ ಒಂದೇ ವಾರಾಂತ್ಯದಲ್ಲಿ ಹತ್ತಾರು ಹೈಸ್ಕೂಲ್ ವಯಸ್ಸಿನ ತಂಡಗಳು ಆಡುತ್ತವೆ. ಜುಪಿಟರ್‌ನಲ್ಲಿ ಅಕ್ಟೋಬರ್ ಟೂರ್ನಿ ಹೊತ್ತಿಗೆ ಕೋಚ್‌ಗಳು, ಸ್ಕೌಟ್‌ಗಳು ಗಾಲ್ಫ್ ಗಾಡಿಗಳಲ್ಲಿ ಒಂದು ಮೈದಾನದಿಂದ ಇನ್ನೊಂದಕ್ಕೆ ಓಡುತ್ತಿರುತ್ತಾರೆ. ಕೈಯಲ್ಲಿ ಸ್ಟಾಪ್‌ವಾಚ್, ರಾಡಾರ್ ಗನ್. ಕ್ಯಾಚರ್ ಚೆಂಡು ಹಿಡಿದು ಎರಡನೇ ಬೇಸಿಗೆ ತಲುಪಿಸಲು 2 ಸೆಕೆಂಡ್ ಒಳಗೆ ಬಂದರೆ ಹೆಸರು ಬರೆದುಕೊಳ್ಳುತ್ತಾರೆ. 60 ಗಜ ಓಟ 6.8 ಸೆಕೆಂಡ್ ಒಳಗಿದ್ದರೆ ವೇಗದವನು ಅಂತ ಲೆಕ್ಕ. ಇವನ್ನು ಯಾರು ಬೇಕಾದರೂ ಅಳೆಯಬಹುದು. ಒಳ್ಳೆಯ ರೆಕ್ರೂಟರ್ ಬೇರೆಯದನ್ನು ನೋಡುತ್ತಾನೆ. ಸ್ಟ್ರೈಕ್‌ಔಟ್ ಆಗಿ ಡಗೌಟಿಗೆ ಬಂದ ಹುಡುಗ ಹೆಲ್ಮೆಟ್ ಎಸೆದನೋ, ಮುಂದಿನವನಿಗೆ ಪಿಚರ್ ಬಗ್ಗೆ ಏನಾದರೂ ಹೇಳಿದನೋ? ಸುಲಭದ ಗ್ರೌಂಡ್ ಬಾಲ್ ಹೊಡೆದು ಔಟ್ ಖಚಿತ ಅಂತ ಗೊತ್ತಿದ್ದರೂ ಫಸ್ಟ್ ಬೇಸಿನವರೆಗೆ ಪೂರ್ತಿ ಓಡಿದನೋ? ಅಪ್ಪ ಬೇಲಿಯ ಹೊರಗೆ ನಿಂತು ಪ್ರತಿ ಎಸೆತಕ್ಕೂ ಕೂಗುತ್ತಿದ್ದರೆ ಅದನ್ನೂ ಬರೆದುಕೊಳ್ಳುತ್ತಾನೆ. ಮುಂದಿನ ನಾಲ್ಕು ವರ್ಷ ಆ ಅಪ್ಪನ ಫೋನು ಎತ್ತಬೇಕಾದವನು ಅವನೇ ಅಲ್ವಾ?

ಹಣದ ಲೆಕ್ಕವೂ ಬದಲಾಗಿದೆ. ಮೊದಲು ಡಿವಿಷನ್ 1 ತಂಡಕ್ಕೆ ಸಿಗುತ್ತಿದ್ದುದು ಬರೀ 11.7 ಪೂರ್ತಿ ಸ್ಕಾಲರ್‌ಶಿಪ್‌ನಷ್ಟು ಹಣ. ಅದನ್ನೇ 27 ಆಟಗಾರರವರೆಗೆ ಹರಿದು ಹಂಚಬೇಕಿತ್ತು. ಒಬ್ಬನಿಗೆ 40 ಪರ್ಸೆಂಟ್, ಇನ್ನೊಬ್ಬನಿಗೆ 25. 2025-26ರಿಂದ, ನ್ಯಾಯಾಲಯದ ರಾಜಿಯಿಂದ ಬಂದ ಹೊಸ ವ್ಯವಸ್ಥೆಗೆ ಸೇರಿದ ಕಾಲೇಜುಗಳಲ್ಲಿ ಆ ಮಿತಿ ಇಲ್ಲ, ಬದಲಿಗೆ ತಂಡದಲ್ಲಿ 34 ಜನ ಮಾತ್ರ ಇರಬೇಕು. ದುಡ್ಡಿರುವ ಕಾಲೇಜು ಅಷ್ಟೂ ಜನರಿಗೆ ಪೂರ್ತಿ ಸ್ಕಾಲರ್‌ಶಿಪ್ ಕೊಡಬಹುದು. ಇದರ ಜೊತೆ ಟ್ರಾನ್ಸ್‌ಫರ್ ಪೋರ್ಟಲ್. ಆಟಗಾರ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗಿ ಮರು ವರ್ಷವೇ ಆಡಬಹುದು. ಹಾಗಾಗಿ ಜೂನ್ ತಿಂಗಳಲ್ಲಿ ಕೋಚ್‌ಗಳಿಗೆ ನಿದ್ದೆ ಇಲ್ಲ. ಹೊಸಬರನ್ನು ಕರೆಯಬೇಕು, ಇದ್ದವರನ್ನು ಹಿಡಿದಿಟ್ಟುಕೊಳ್ಳಬೇಕು, ಜುಲೈನಲ್ಲಿ ನಡೆಯುವ ಮೇಜರ್ ಲೀಗ್ ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಯಾರು ಹೋಗುತ್ತಾರೋ ಅಂತಲೂ ಲೆಕ್ಕ ಹಾಕಬೇಕು.

ಹಂತ 6: ಒಂದು ವಿಷಯದಲ್ಲಿ ಪಳಗಿ

ಪಿಚಿಂಗ್ ಕೋಚ್‌ಗೆ ಬೇಡಿಕೆ ಯಾವತ್ತೂ ಇದೆ. ಕಾಲೇಜಿನಲ್ಲಿ ಯಾವ ಎಸೆತ ಹಾಕಬೇಕು ಅಂತ ಹೇಳುವುದು ಹೆಚ್ಚಾಗಿ ಡಗೌಟಿನಲ್ಲಿ ಕೂತ ಪಿಚಿಂಗ್ ಕೋಚೇ. ಮೊದಲು ಕೈಸನ್ನೆ ಇತ್ತು. ಈಗ ಎಲೆಕ್ಟ್ರಾನಿಕ್ ಸಾಧನಕ್ಕೂ ಅನುಮತಿ ಇದೆ. ಪಂದ್ಯ ಸೋತರೆ ಬೈಗುಳವೂ ಅವರಿಗೇ.

ಅಳತೆಯ ಯಂತ್ರಗಳು ಬಂದ ಮೇಲೆ ಹೊಸ ಹುದ್ದೆಗಳೂ ಹುಟ್ಟಿವೆ. ಟ್ರ್ಯಾಕ್‌ಮನ್, ರ್ಯಾಪ್ಸೋಡೋ ಚೆಂಡಿನ ವೇಗ, ಸುತ್ತು, ತಿರುವು ಹೇಳುತ್ತವೆ. ಹೈಸ್ಪೀಡ್ ಕ್ಯಾಮೆರಾ ಬೆರಳು ಚೆಂಡನ್ನು ಬಿಡುವ ಗಳಿಗೆ ತೋರಿಸುತ್ತದೆ. ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ಪಿಚಿಂಗ್ ಪ್ರಯೋಗಾಲಯವೇ ಇದೆ. ನಮ್ಮ ಎಂಜಿನಿಯರಿಂಗ್, ಸ್ಟಾಟಿಸ್ಟಿಕ್ಸ್ ಓದಿದವರಿಗೆ ಇದು ಸಹಜವಾದ ಬಾಗಿಲು. ಒಂದು ಎಚ್ಚರಿಕೆ ಮಾತ್ರ. ಲ್ಯಾಪ್‌ಟಾಪ್ ಹಿಡಿದು ಮೂಲೆಯಲ್ಲಿ ಕೂತವರು ಅಲ್ಲೇ ಉಳಿಯುತ್ತಾರೆ. ಇಪ್ಪತ್ತು ವರ್ಷದ ಹುಡುಗನಿಗೆ ‘ನಿನ್ನ ಸ್ಲೈಡರ್ ಯಾಕೆ ತಿರುಗುತ್ತಿಲ್ಲ’ ಅನ್ನುವುದನ್ನು ಎರಡು ವಾಕ್ಯದಲ್ಲಿ, ಸಂಖ್ಯೆ ಇಲ್ಲದೆ ಹೇಳಲು ಬರಬೇಕು. ಹಾಗೆ ಹೇಳಬಲ್ಲವರು ಕೋಚ್ ಆಗುತ್ತಾರೆ.

ವೆಸ್ ಜಾನ್ಸನ್ ಹೈಸ್ಕೂಲ್ ಕೋಚ್ ಆಗಿದ್ದವರು. ಅರ್ಕನ್ಸಾದಲ್ಲಿ ಪಿಚಿಂಗ್ ಕೋಚ್ ಆಗಿದ್ದಾಗ 2018ರ ಕೊನೆಯಲ್ಲಿ ಮೇಜರ್ ಲೀಗ್‌ನ ಮಿನ್ನೆಸೋಟ ಟ್ವಿನ್ಸ್ ಕರೆಯಿತು. 2022ರಲ್ಲಿ ಸೀಸನ್ ನಡುವೆಯೇ ಅದನ್ನು ಬಿಟ್ಟು ಮತ್ತೆ ಕಾಲೇಜು ಬೇಸ್‌ಬಾಲ್‌ಗೆ, ಎಲ್‌ಎಸ್‌ಯುಗೆ ಬಂದರು, 2023ರಲ್ಲಿ ಚಾಂಪಿಯನ್ ತಂಡದ ಪಿಚಿಂಗ್ ಕೋಚ್ ಆದರು. ಅದಾದ ಮೇಲೆ ಜಾರ್ಜಿಯಾದ ಹೆಡ್ ಕೋಚ್. ಮೇಜರ್ ಲೀಗ್ ಬಿಟ್ಟು ಕಾಲೇಜಿಗೆ ಬರುವುದು ಅಂದರೆ ಮೊದಲು ಜನ ನಗುತ್ತಿದ್ದರು. ಈಗ ದೊಡ್ಡ ಕಾಲೇಜುಗಳ ಸಂಬಳ ಹಾಗಿದೆ.

ಹೆಣ್ಣುಮಕ್ಕಳಿಗೆ ಈ ಬಾಗಿಲು ಇನ್ನೂ ಪೂರ್ತಿ ತೆರೆದಿಲ್ಲ. ಆದರೂ ಜಸ್ಟಿನ್ ಸೀಗಲ್ ಎಂಬುವರು ಸ್ಪ್ರಿಂಗ್‌ಫೀಲ್ಡ್ ಕಾಲೇಜಿನ ಪುರುಷರ ತಂಡಕ್ಕೆ ಸಹಾಯಕ ಕೋಚ್ ಆಗಿದ್ದರು. 2015ರಲ್ಲಿ ಓಕ್ಲೆಂಡ್ ಅಥ್ಲೆಟಿಕ್ಸ್ ಸಂಸ್ಥೆ ಅವರನ್ನು ಅತಿಥಿ ಕೋಚ್ ಆಗಿ ಕರೆಯಿತು.

ಹಂತ 7: ಜನವರಿಯಲ್ಲಿ ಎಬಿಸಿಎ

ಅಮೆರಿಕನ್ ಬೇಸ್‌ಬಾಲ್ ಕೋಚಸ್ ಅಸೋಸಿಯೇಷನ್ 1945ರಲ್ಲಿ ಶುರುವಾದದ್ದು. ಪ್ರತಿ ಜನವರಿಯಲ್ಲಿ ಒಂದೊಂದು ಊರಿನಲ್ಲಿ ಸಮಾವೇಶ. ಸಾವಿರಾರು ಕೋಚ್‌ಗಳು ಬರುತ್ತಾರೆ. ವೇದಿಕೆಯ ಮೇಲೆ ಉಪನ್ಯಾಸ ನಡೆಯುತ್ತಿರುತ್ತದೆ. ಕೆಲಸದ ಮಾತು ನಡೆಯುವುದು ಹೋಟೆಲಿನ ಲಾಬಿಯಲ್ಲಿ, ಕಾಫಿ ಸಾಲಿನಲ್ಲಿ. ಬಯೋಡೇಟಾ ಹಂಚುತ್ತ ಓಡಾಡಬೇಡಿ. ನಿಮ್ಮನ್ನು ಬಲ್ಲ ಒಬ್ಬ ಕೋಚ್ ಪಕ್ಕ ನಿಂತುಕೊಳ್ಳಿ, ಅವರೇ ಪರಿಚಯ ಮಾಡಿಸುತ್ತಾರೆ. ಸಂಜೆ ಒಂದು ಸಾಲಿನ ಮೆಸೇಜ್ ಸಾಕು.

ಜಾಹೀರಾತು ಬರುವ ಹುದ್ದೆಗಳೂ ಇವೆ. ಎನ್‌ಸಿಎಎ, ಎಬಿಸಿಎ ತಾಣಗಳಲ್ಲಿ ನೋಡಬಹುದು. ಆದರೆ ಜಾಹೀರಾತು ಬರುವ ಹೊತ್ತಿಗೆ ಎಷ್ಟೋ ಸಲ ಯಾರಿಗೆ ಅಂತ ತೀರ್ಮಾನ ಆಗಿಹೋಗಿರುತ್ತದೆ. ಇದು ನಮಗೇನು ಹೊಸದಲ್ಲ.

ಹಂತ 8: ಸಂಬಳ, ಒಪ್ಪಂದ, ಹೊರಹೋಗುವ ಬೆಲೆ

ಸಂಬಳದ ಅಂತರ ನೋಡಿದರೆ ತಲೆ ತಿರುಗುತ್ತದೆ. ಡಿವಿಷನ್ 3ರ ಅರೆಕಾಲಿಕ ಸಹಾಯಕನಿಗೆ ಇಡೀ ಸೀಸನ್‌ಗೆ ಕೆಲವೇ ಸಾವಿರ ಡಾಲರ್. ಟೆನೆಸಿ 2024ರ ಪ್ರಶಸ್ತಿ ನಂತರ ವಿಟೆಲ್ಲೊಗೆ ಕೊಟ್ಟಿದ್ದು ವರ್ಷಕ್ಕೆ ಸುಮಾರು 30 ಲಕ್ಷ ಡಾಲರ್. ಇಬ್ಬರೂ ಮಾಡುವುದು ಅದೇ ಆಟ. ಹಿಂದೆ ಹೀಗಿರಲಿಲ್ಲ. ಯುಎಸ್‌ಸಿಗೆ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) 11 ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟ ರಾಡ್ ಡೆಡೋ ವರ್ಷಕ್ಕೆ 1 ಡಾಲರ್ ಹೆಸರಿನ ಸಂಬಳಕ್ಕೆ ಕೋಚ್ ಆಗಿದ್ದರು. ಅವರಿಗೆ ಸ್ವಂತ ಟ್ರಕ್ ಸಾಗಾಣಿಕೆ ವ್ಯವಹಾರ ಇತ್ತು.

ಒಪ್ಪಂದದಲ್ಲಿ ಎರಡು ಸಾಲು ಮುಖ್ಯ. ನಿಮ್ಮನ್ನು ತೆಗೆದರೆ ಅವರು ಎಷ್ಟು ಕೊಡಬೇಕು? ನೀವೇ ಬಿಟ್ಟು ಹೋದರೆ ಎಷ್ಟು ಕಟ್ಟಬೇಕು? ಎರಡನೆಯದನ್ನು ಸಾಮಾನ್ಯವಾಗಿ ಹೊಸ ಕಾಲೇಜೇ ಕಟ್ಟುತ್ತದೆ. ಸಹಾಯಕರಿಗೆ ಮಾತ್ರ ಹೆಚ್ಚಾಗಿ ಒಂದು ವರ್ಷದ ಒಪ್ಪಂದ. ಅದು ಜೂನ್ 30ಕ್ಕೆ ಮುಗಿಯುತ್ತದೆ. ಹೆಡ್ ಕೋಚ್ ಬದಲಾದರೆ ಹೊಸಬರು ತಮ್ಮ ಜನರನ್ನೇ ತರುತ್ತಾರೆ. ಆದ್ದರಿಂದ ಮನೆ ಬಾಡಿಗೆ ಕರಾರು ಮಾಡಿಕೊಳ್ಳುವಾಗ ಈ ತಾರೀಖು ನೆನಪಿರಲಿ. ತಮಾಷೆ ಅಲ್ಲ, ಹೆಂಡತಿ ಮಕ್ಕಳಿರುವ ಸಹಾಯಕ ಕೋಚ್‌ಗಳ ದೊಡ್ಡ ತಲೆನೋವು ಇದೇ.

ಬದಲಾವಣೆ ಎಷ್ಟು ಬೇಗ ಆಗುತ್ತದೆ ಅನ್ನುವುದಕ್ಕೆ 2024ರ ಜೂನ್ ನೋಡಿ. ಟೆಕ್ಸಸ್ ಎ ಆ್ಯಂಡ್ ಎಂ ತಂಡ ಜೂನ್ 24ರಂದು ಒಮಾಹಾ ಫೈನಲ್‌ನಲ್ಲಿ ಟೆನೆಸಿಗೆ ಸೋತಿತು. ಪಂದ್ಯ ಮುಗಿದ ಮೇಲೆ ಪತ್ರಕರ್ತರೊಬ್ಬರು ಬೇರೆ ಕಡೆ ಹೋಗುತ್ತೀರಾ ಅಂತ ಕೇಳಿದ್ದಕ್ಕೆ ಹೆಡ್ ಕೋಚ್ ಜಿಮ್ ಶ್ಲಾಸ್‌ನೇಗಲ್ ಸಿಟ್ಟಾದರು. ಮರುದಿನವೇ ಎದುರಾಳಿ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಹೋದರು. ಅಭಿಮಾನಿಗಳ ಬೈಗುಳ ಬಿಡಿ, ಕೆಲಸದ ದೃಷ್ಟಿಯಿಂದ ನೋಡಿ. ಹೆಡ್ ಕೋಚ್ ಬಾಯಲ್ಲಿ ‘ನಾನು ಎಲ್ಲೂ ಹೋಗಲ್ಲ’ ಅಂತ ಬಂದರೂ ಸಹಾಯಕನಾದವನು ತನ್ನ ಫೋನ್ ಚಾರ್ಜ್ ಮಾಡಿ ಇಟ್ಟುಕೊಂಡಿರಬೇಕು.

ಹಂತ 9: ಹೆಡ್ ಕೋಚ್ ಸಂದರ್ಶನ

ಇಲ್ಲಿ ಕೂರುವುದು ಅಥ್ಲೆಟಿಕ್ ಡೈರೆಕ್ಟರ್, ಅಂದರೆ ಕಾಲೇಜಿನ ಕ್ರೀಡಾ ವಿಭಾಗದ ಮುಖ್ಯಸ್ಥರ ಎದುರು. ಅವರಿಗೆ ಸ್ಲೈಡರ್ ಬೇಕಿಲ್ಲ. ಸಹಾಯಕರಾಗಿ ಯಾರನ್ನು ತರುತ್ತೀರಿ? ಯಾವ ಊರುಗಳಿಂದ ಆಟಗಾರರು? ದಾನಿಗಳ ಹತ್ತಿರ ಮಾತಾಡಬಲ್ಲಿರಾ? ತರಗತಿಗೆ ಹೋಗುತ್ತಾರಾ ಹುಡುಗರು? ಉತ್ತರ ಕೈಯಲ್ಲಿರಲಿ. ದಾನಿಗಳ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಯಾಮಿಯಲ್ಲಿ ರಾನ್ ಫ್ರೇಸರ್ ಹೆಸರಾದದ್ದು ಎರಡು ರಾಷ್ಟ್ರೀಯ ಪ್ರಶಸ್ತಿಗಳಿಗೆ ಎಷ್ಟೋ, ಮೈದಾನಕ್ಕೆ ಜನರನ್ನು ಕರೆತರಲು ಅವರು ಮಾಡಿದ ಉಪಾಯಗಳಿಗೂ ಅಷ್ಟೇ.

ಗೆಲುವಿನ ಲೆಕ್ಕ ಹೇಗೆ ಮಾಡುತ್ತಾರೆ ಅಂತಲೂ ಕೇಳಿಕೊಳ್ಳಿ. ಫ್ಲಾರಿಡಾ ಸ್ಟೇಟ್‌ನ ಮೈಕ್ ಮಾರ್ಟಿನ್ 40 ಸೀಸನ್‌ಗಳಲ್ಲಿ 2,029 ಪಂದ್ಯ ಗೆದ್ದರು, 17 ಸಲ ಒಮಾಹಾಕ್ಕೆ ತಂಡ ಕರೆದೊಯ್ದರು. ಪ್ರಶಸ್ತಿ ಒಂದೂ ಬರಲಿಲ್ಲ. ಆದರೂ ಅವರಾಗಿಯೇ 2019ರಲ್ಲಿ ನಿವೃತ್ತರಾಗುವವರೆಗೆ ಆ ಕುರ್ಚಿ ಅವರದ್ದೇ ಆಗಿತ್ತು. ಈಗಿನ ಡೈರೆಕ್ಟರ್‌ಗಳಿಗೆ ಅಷ್ಟು ತಾಳ್ಮೆ ಇದೆ ಅಂತ ನನಗೆ ಅನ್ನಿಸುವುದಿಲ್ಲ. ಉತ್ತರದ ರಾಜ್ಯದ ಕಾಲೇಜಾದರೆ ಇನ್ನೊಂದು ವಿಷಯ. ಫೆಬ್ರವರಿಯಲ್ಲಿ ಅಲ್ಲಿ ಮೈದಾನದ ಮೇಲೆ ಹಿಮ. ಮೊದಲ ಕೆಲವು ವಾರ ಎಲ್ಲ ಪಂದ್ಯವೂ ದಕ್ಷಿಣದಲ್ಲಿ, ಪರರ ಮೈದಾನದಲ್ಲಿ. ಆ ಪ್ರಯಾಣದ ಖರ್ಚು ಬಜೆಟ್‌ನಲ್ಲಿ ಇದೆಯೇ ಅಂತ ಬರಹದಲ್ಲಿ ತೆಗೆದುಕೊಳ್ಳಿ.

ಹಂತ 10: ಭಾರತದ ಪಾಸ್‌ಪೋರ್ಟ್ ಇದ್ದರೆ

ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಓದುತ್ತಿರುವಾಗ ಕ್ಯಾಂಪಸ್ ಒಳಗಿನ ಕೆಲಸಕ್ಕೆ ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆ ಮಿತಿ. ಸೀಸನ್‌ನಲ್ಲಿ ಕೋಚ್‌ಗಳು ಅದರ ಮೂರು ಪಟ್ಟು ದುಡಿಯುತ್ತಾರೆ. ಇದನ್ನು ಹೆಡ್ ಕೋಚ್‌ಗೆ ಮೊದಲೇ ಹೇಳಿ, ಅವರಿಗೆ ಗೊತ್ತಿರುವುದಿಲ್ಲ. ‘ಸಂಬಳ ತಗೊಳ್ಳದೆ ಜಾಸ್ತಿ ಗಂಟೆ ಮಾಡುತ್ತೇನೆ’ ಅನ್ನುವುದು ಪರಿಹಾರ ಅಲ್ಲ. ಸಂಬಳದ ಕೆಲಸವನ್ನು ಪುಕ್ಕಟೆ ಮಾಡಿದರೂ ವೀಸಾಕ್ಕೆ ತೊಂದರೆ ಬರಬಹುದು.

ಓದು ಮುಗಿದ ಮೇಲೆ 12 ತಿಂಗಳ ಒಪಿಟಿ, ಅಂದರೆ ಓದಿದ ವಿಷಯದಲ್ಲೇ ಕೆಲಸ ಮಾಡಲು ಅನುಮತಿ ಇದೆ. ಡಿಗ್ರಿ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು ಕೇಳಬಹುದು. ಸ್ಟಾಟಿಸ್ಟಿಕ್ಸ್, ಡೇಟಾ ಡಿಗ್ರಿ ಮಾಡಿದವರಿಗೆ ಇಲ್ಲಿ ಅನುಕೂಲ. ನಂತರ ಎಚ್-1ಬಿ ಎಂಬ ಕೆಲಸದ ವೀಸಾ. ವಿಶ್ವವಿದ್ಯಾಲಯಗಳಿಗೆ ಇದರಲ್ಲಿ ವಾರ್ಷಿಕ ಲಾಟರಿ ಇಲ್ಲ, ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. ಆದರೆ ಆ ಹುದ್ದೆಗೆ ನಿಮ್ಮ ಡಿಗ್ರಿಯೇ ಬೇಕು ಅಂತ ತೋರಿಸಬೇಕು. ‘ಸಹಾಯಕ ಕೋಚ್’ ಅನ್ನುವ ಹುದ್ದೆಗಿಂತ ‘ಅನಲಿಟಿಕ್ಸ್ ನಿರ್ದೇಶಕ’ ಅನ್ನುವುದಕ್ಕೆ ಇದನ್ನು ತೋರಿಸುವುದು ಸುಲಭ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಶುಲ್ಕದ ಆದೇಶ ಬಂದ ಮೇಲೆ ಲೆಕ್ಕ ಬದಲಾಗಿದೆ. ದೇಶದ ಹೊರಗಿಂದ ಹಾಕುವುದೋ, ಒಳಗಿದ್ದೇ ವೀಸಾ ಬದಲಿಸುವುದೋ ಎಂಬುದರ ಮೇಲೆ ಅದು ನಿಂತಿದೆ. ಕಾಲೇಜಿನ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಹೋಗಿ ಕೇಳಿ. ಕೋಚ್ ಮಾತು ನಂಬಿ ಕೂರಬೇಡಿ.

ಹಂತ 11: ಇನ್ನೊಂದು ಬಾಗಿಲು ತೆರೆದಿಟ್ಟಿರಿ

2025ರ ಅಕ್ಟೋಬರ್‌ನಲ್ಲಿ ಮೇಜರ್ ಲೀಗ್‌ನ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡ ವಿಟೆಲ್ಲೊ ಅವರನ್ನು ಮ್ಯಾನೇಜರ್ (ಅಲ್ಲಿ ಹೆಡ್ ಕೋಚ್‌ಗೆ ಇರುವ ಹೆಸರು) ಮಾಡಿತು. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಒಂದು ದಿನವೂ ಆಡದ, ಕೋಚ್ ಆಗದ ಒಬ್ಬರು ಕಾಲೇಜಿನಿಂದ ನೇರ ಆ ಕುರ್ಚಿಗೆ ಹೋದದ್ದು ಅದೇ ಮೊದಲು. ಇದನ್ನು ನೋಡಿ ಕನಸು ಕಾಣಬಹುದು, ಲೆಕ್ಕ ಹಾಕಬೇಡಿ. ಸಾಮಾನ್ಯ ಕೋಚ್‌ಗೆ ಇರುವ ದಾರಿಗಳು ಬೇರೆ. ಮೇಜರ್ ಲೀಗ್ ತಂಡಗಳ ಕೆಳ ಮಟ್ಟದ ತಂಡಗಳಲ್ಲಿ ಕೋಚ್, ಸ್ಕೌಟ್, ಖಾಸಗಿ ತರಬೇತಿ ಕೇಂದ್ರ, ಕಾಲೇಜಿನಲ್ಲೇ ಆಡಳಿತ. ಬರ್ಟ್‌ಮನ್ ಕೋಚಿಂಗ್ ಬಿಟ್ಟ ಮೇಲೆ ಎಲ್‌ಎಸ್‌ಯುನಲ್ಲೇ ಅಥ್ಲೆಟಿಕ್ ಡೈರೆಕ್ಟರ್ ಆದರು.

ಎಲ್ಲಕ್ಕಿಂತ ಗಟ್ಟಿಯಾದದ್ದು ಹೈಸ್ಕೂಲ್ ಶಿಕ್ಷಕರ ಕೆಲಸ. ಗಣಿತವೋ ವಿಜ್ಞಾನವೋ ಕಲಿಸಿ, ಸಂಜೆ ತಂಡ ನೋಡಿಕೊಳ್ಳುವವರು ಅಲ್ಲಿ ಬಹಳ ಜನ. ಸರ್ಕಾರಿ ಶಾಲೆಗಾದರೆ ಆ ರಾಜ್ಯದ ಟೀಚಿಂಗ್ ಸರ್ಟಿಫಿಕೇಟ್ ಬೇಕು. ಜಿಎ ಆಗಿ ಮಾಸ್ಟರ್ಸ್ ಮಾಡುವಾಗಲೇ ಆ ಕೋರ್ಸುಗಳನ್ನು ಸೇರಿಸಿಕೊಂಡರೆ ಶುಲ್ಕ ಮನ್ನಾದಲ್ಲೇ ಮುಗಿದುಹೋಗುತ್ತದೆ. ಅರ್ಜಿ ಹಾಕುವ ಕಾಲ ಮಾರ್ಚ್‌ನಿಂದ ಜೂನ್, ಅಂದರೆ ಸರಿಯಾಗಿ ಸೀಸನ್ ನಡುವೆ. ಹಾಗಾಗಿ ಪ್ರಮಾಣಪತ್ರ, ಶಿಫಾರಸು ಪತ್ರಗಳನ್ನು ಡಿಸೆಂಬರ್ ರಜೆಯಲ್ಲೇ ಸಿದ್ಧ ಮಾಡಿಟ್ಟುಕೊಳ್ಳಿ.